ನಾವು ಜೀತದಲ್ಲಿದ್ದೆವು ಎಂದು ಮಕ್ಕಳಿಗೆ ಹೇಳಬೇಕೆ?



*ದಿನದ ಚಿಂತನೆ*



ಹೋದ ಭಾನುವಾರದ ಓದಿನಲ್ಲಿ ಒಬ್ಬ ತಾಯಿ ಒಂದು ಮಾತು ಹೇಳಿದರು. ಅವರ ಮಗ ನಾಲ್ಕನೇ ಕ್ಲಾಸು. ಗೌರಿ-ಗಣೇಶ ಮುಗಿದು ಶಾಲೆ ಶುರುವಾದಾಗ ಜೊತೆಯ ಹುಡುಗರು ಕೇಳಿದರಂತೆ, "ನಿಮ್ಮನೇಲಿ ಹಬ್ಬಕ್ಕೆ ಎಂತ ಮಾಡಿದ್ರಿ?" ಇವನು, "ನಾವು ಅದನ್ನೆಲ್ಲ ಮಾಡಲ್ಲ" ಎಂದನಂತೆ. "ಮತ್ತೆ ನೀವು ಎಂತ ಮಾಡ್ತೀರಿ?" ಎಂದು ಅವರು ಮತ್ತೆ ಕೇಳಿದ್ದಕ್ಕೆ ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಅಮ್ಮನನ್ನು ಕೇಳಿದ, "ಅಮ್ಮಾ, ನಾವು ಎಂತ ಮಾಡ್ತೀವಿ?"

ಅವತ್ತು ನಮ್ಮಲ್ಲಿ ಯಾರ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಏನು ಮಾಡುವುದಿಲ್ಲ ಎಂಬ ಪಟ್ಟಿ ನಮಗೆಲ್ಲ ಬಾಯಿಪಾಠ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೊದಲ ಕೆಲವು ಬಿಡುವುದರ ಬಗ್ಗೆಯೇ ಇವೆ. ಬಿಟ್ಟದ್ದು ಸರಿ, ಅದರಲ್ಲಿ ಅನುಮಾನ ಬೇಡ. ಆದರೆ ಅದೇ 22ರಲ್ಲಿ ಅಷ್ಟಾಂಗ ಮಾರ್ಗ ಅನುಸರಿಸುತ್ತೇನೆ, ದಶ ಪಾರಮಿಗಳನ್ನು ಪಾಲಿಸುತ್ತೇನೆ, ಎಲ್ಲ ಜೀವಿಗಳಿಗೆ ಕರುಣೆ ತೋರುತ್ತೇನೆ ಎಂಬ ಮಾತುಗಳೂ ಇವೆ. ಬಿಡುವ ಮಾತನ್ನು ಗಟ್ಟಿಯಾಗಿ ಹೇಳಿದೆವು, ಹಿಡಿಯುವ ಮಾತನ್ನು ಮಕ್ಕಳ ಕೈಗೆ ಸಿಗುವ ಹಾಗೆ ಮಾಡಲಿಲ್ಲ. ಖಾಲಿ ಬಿಟ್ಟ ಗದ್ದೆಯಲ್ಲಿ ಕಳೆ ಬೆಳೆಯುತ್ತದೆ, ಇದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗ ನನಗೆ ನೆನಪಾದವರು ಯಹೂದಿಗಳು. ನಗಬೇಡಿ. ತುಂಗಾ ತೀರಕ್ಕೂ ಯಹೂದಿಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವನ್ನು ಕೂಡಿಸಿದವರು ಬಾಬಾಸಾಹೇಬರೇ. ಈಜಿಪ್ಟಿನ ದಾಸ್ಯದಿಂದ ತನ್ನ ಜನರನ್ನು ಬಿಡಿಸಿ ಕರೆತಂದ ಮೋಶೆಯ ಬಗ್ಗೆ ಅವರು ಒಂದು ಲೇಖನವನ್ನೇ ಬರೆದಿದ್ದಾರೆ. ಅವರ ಇನ್ನೊಂದು ಬರಹದ ಹೆಸರು 'ಅನ್‌ಟಚಬಲ್ಸ್ ಆರ್ ದಿ ಚಿಲ್ಡ್ರನ್ ಆಫ್ ಇಂಡಿಯಾಸ್ ಘೆಟ್ಟೋ', ಅಂದರೆ ಅಸ್ಪೃಶ್ಯರು ಅಥವಾ ಭಾರತದ ಘೆಟ್ಟೋದ ಮಕ್ಕಳು. ಘೆಟ್ಟೋ ಎಂದರೆ 1516ರಲ್ಲಿ ವೆನಿಸ್ ನಗರದಲ್ಲಿ ಯಹೂದಿಗಳನ್ನೆಲ್ಲ ಒಂದೇ ಕಡೆ ಕೂಡಿಹಾಕಿ, ರಾತ್ರಿ ಬಾಗಿಲು ಮುಚ್ಚುತ್ತಿದ್ದ ಜಾಗ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೇರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಸ್ರೇಲ್ ಸರ್ಕಾರದ ಯುದ್ಧ, ರಾಜಕಾರಣ ಬೇರೆ ವಿಷಯ. ಅದನ್ನು ಪ್ರಶ್ನಿಸುವ ಯಹೂದಿಗಳು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ನಾನು ಮಾತಾಡುತ್ತಿರುವುದು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಆ ಜನ ತಮ್ಮ ಮನೆಗಳಲ್ಲಿ ಮಾಡಿಕೊಂಡು ಬಂದ ಹಬ್ಬಗಳ ಬಗ್ಗೆ.

*ದಾಸರಾಗಿದ್ದೆವು ಎಂದು ಹೇಳುವ ಹಬ್ಬ*

ಅವರ ದೊಡ್ಡ ಹಬ್ಬ ಪೆಸಾಖ್. ನಮ್ಮಲ್ಲಿ ಬೈಬಲ್ ಓದಿದವರು ಪಾಸ್ಕ ಎನ್ನುತ್ತಾರೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಹುಣ್ಣಿಮೆಯ ರಾತ್ರಿ ಶುರುವಾಗುತ್ತದೆ. ಆ ರಾತ್ರಿಯ ಮುಖ್ಯ ಕೆಲಸ ನಡೆಯುವುದು ಮನೆಯೊಳಗೆ, ಊಟದ ಮೇಜಿನ ಸುತ್ತ. ಅದಕ್ಕೆ ಪುರೋಹಿತ ಬೇಕಾಗಿಲ್ಲ. ಮನೆಯ ಅತಿ ಚಿಕ್ಕ ಮಗು ಎದ್ದು ಕೇಳಬೇಕು: ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಯಾಕೆ ಬೇರೆ? ಇವತ್ತು ಯಾಕೆ ಉಬ್ಬದ ರೊಟ್ಟಿ? ಯಾಕೆ ಕಹಿ ಸೊಪ್ಪು? ಮಗು ಕೇಳಿದ ಮೇಲೆಯೇ ದೊಡ್ಡವರು ಬಾಯಿ ಬಿಡುವುದು. ನಾವು ಈಜಿಪ್ಟಿನಲ್ಲಿ ದಾಸರಾಗಿದ್ದೆವು, ಹೊರಟು ಬರುವ ಅವಸರದಲ್ಲಿ ಹಿಟ್ಟು ಉಬ್ಬಲು ಸಮಯ ಇರಲಿಲ್ಲ, ಅದಕ್ಕೆ ಈ ರೊಟ್ಟಿ. ದಾಸ್ಯ ಕಹಿಯಾಗಿತ್ತು, ಅದಕ್ಕೆ ಈ ಸೊಪ್ಪು. ಉಪ್ಪುನೀರು ಕಣ್ಣೀರು. ಹಣ್ಣು, ಬೀಜ ಅರೆದ ಈ ಮುದ್ದೆ ಇಟ್ಟಿಗೆ ಕಟ್ಟುವಾಗ ಕಲಸಿದ ಗಾರೆ. ಪ್ರತಿ ತಲೆಮಾರಿನವರೂ ತಾವೇ ಈಜಿಪ್ಟಿನಿಂದ ಹೊರಬಂದವರು ಎಂದು ಭಾವಿಸಬೇಕು ಎಂಬುದು ಅವರ ನಿಯಮ.

ಇಲ್ಲಿ ಒಂದು ವಿಷಯ ಗಮನಿಸಿ. ಲೋಕದಲ್ಲಿ ಯಾವ ಜಾತಿಯನ್ನು ಕೇಳಿದರೂ ತಮ್ಮ ಮೂಲಪುರುಷ ಒಬ್ಬ ರಾಜ, ಇಲ್ಲವೇ ಋಷಿ, ಇಲ್ಲವೇ ದೇವರ ಬೆವರಿನಿಂದ ಹುಟ್ಟಿದವನು ಎನ್ನುತ್ತಾರೆ. ಈ ಜನ ವರ್ಷಕ್ಕೊಮ್ಮೆ ಹೊಸ ಬಟ್ಟೆ ಹಾಕಿಕೊಂಡು, ಮನೆಯ ಒಳ್ಳೆಯ ತಟ್ಟೆಗಳನ್ನೆಲ್ಲ ತೆಗೆದಿಟ್ಟುಕೊಂಡು, "ನಮ್ಮ ಹಿರಿಯರು ದಾಸರು" ಎಂದು ಮಕ್ಕಳಿಗೆ ಹೇಳುತ್ತಾರೆ. ಹೇಳುವಾಗ ತಲೆ ತಗ್ಗಿಸುವುದಿಲ್ಲ. ನಾಚಿಕೆ ಪಡಬೇಕಾದವನು ಗುಲಾಮನನ್ನಾಗಿ ಮಾಡಿದವನು. ಗುಲಾಮಗಿರಿಯಿಂದ ನಡೆದು ಹೊರಬಂದವನಿಗೆ ಸಿಗಬೇಕಾದದ್ದು ಹೆಮ್ಮೆ.

ನಾವು ಮಾಡಿದ್ದೇನು? ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ನಾಯಿಗುತ್ತಿ ಎಂಬ ಜೀತದಾಳನ್ನು ಚಿತ್ರಿಸಿದರು. ಓದಿದ ಜನ ಅವನನ್ನು ಮರೆಯಲಾರರು. ಗುತ್ತಿಯಂಥವರು ನಮ್ಮ ಸ್ವಂತ ಅಜ್ಜ, ಮುತ್ತಜ್ಜಂದಿರು. ಅವರ ಕಥೆ ಪುಸ್ತಕದಲ್ಲಿ ಸಿಗುತ್ತದೆ, ನಮ್ಮ ಮನೆಯ ಊಟದ ಹೊತ್ತಿನಲ್ಲಿ ಸಿಗುವುದಿಲ್ಲ. ಹಿರಿಯರು ಹೇಳಲಿಲ್ಲ. ಮಕ್ಕಳು ಕೀಳರಿಮೆ ಪಡುತ್ತಾರೆ ಎಂದು ಮುಚ್ಚಿಟ್ಟರು. ಅವರದು ಪ್ರೀತಿಯೇ, ತಪ್ಪು ಹೊರಿಸುವುದು ಬೇಡ. ಆದರೆ ಮುಚ್ಚಿಟ್ಟದ್ದನ್ನು ನೋಡಿ ಮಕ್ಕಳು ಕಲಿಯುವುದು ಒಂದೇ ಪಾಠ: ಇದು ನಾಚಿಕೆಯ ವಿಷಯ.

*ಹಳೆಯ ನೋವನ್ನು ಕೆದಕುವುದು ಧಮ್ಮವೇ?*

ಈಗ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಧಮ್ಮಪದದ ಮೊದಲ ವಗ್ಗದಲ್ಲೇ ಭಗವಾನ್ ಬುದ್ಧರು ಎಚ್ಚರಿಸಿದ್ದಾರೆ. ಅವನು ನನ್ನನ್ನು ಬೈದ, ಹೊಡೆದ, ದೋಚಿದ ಎಂಬ ಭಾವವನ್ನೇ ಕಟ್ಟಿಕೊಂಡು ಕೂತವರ ವೈರ ಶಮನವಾಗುವುದಿಲ್ಲ ಎಂಬುದು ಆ ಎಚ್ಚರಿಕೆ. ಹಾಗಿದ್ದ ಮೇಲೆ ಜೀತದ ಕಥೆ, ಕೆರೆ ನೀರು ಮುಟ್ಟಿಸದ ಕಥೆಯನ್ನು ವರ್ಷ ವರ್ಷ ಮಕ್ಕಳಿಗೆ ಹೇಳುವುದು ವೈರವನ್ನು ಸಾಕಿದ ಹಾಗಲ್ಲವೇ? ಮರೆತು ಮುಂದೆ ಹೋಗುವುದೇ ಒಳ್ಳೆಯದಲ್ಲವೇ?

ಈ ಪ್ರಶ್ನೆಯೊಂದಿಗೆ ನಾನು ಬಹಳ ದಿನ ಕೂತಿದ್ದೇನೆ. ದಾರಿ ತೋರಿಸಿದ್ದು ಎರಡು ಸಂಗತಿ.

ಮೊದಲನೆಯದು ಆ ಪೆಸಾಖ್ ಊಟದ್ದೇ. ಈಜಿಪ್ಟಿನ ಮೇಲೆ ಬಂದ ಹತ್ತು ಪೀಡೆಗಳ ಹೆಸರು ಹೇಳುವಾಗ ಅವರು ಒಂದೊಂದು ಪೀಡೆಗೆ ಒಂದೊಂದು ಹನಿ ದ್ರಾಕ್ಷಾರಸವನ್ನು ಬಟ್ಟಲಿನಿಂದ ಹೊರಗೆ ಹಾಕುತ್ತಾರೆ. ಯಾಕೆ ಎಂದು ಕೇಳಿದರೆ ಬಹಳ ಮಂದಿ ಕೊಡುವ ಉತ್ತರ ಇದು: ನಮ್ಮ ಬಿಡುಗಡೆಗಾಗಿ ಇನ್ನೊಬ್ಬರು ಸತ್ತರು, ಅವರು ಶತ್ರುಗಳೇ ಆದರೂ ನಮ್ಮ ಸಂತೋಷದ ಬಟ್ಟಲು ತುಂಬಿರಬಾರದು. ನಮಗೆ ಪಂಚಶೀಲ ಇದೆ, ಅವರ ದ್ರಾಕ್ಷಾರಸ ನಮಗೆ ಬೇಡ. ಆದರೆ ಆ ಹನಿಯ ಅರ್ಥ ಬೇಕು. ದಾಸ್ಯವನ್ನು ಮರೆಯದೆ ಇರುವುದಕ್ಕೂ ದ್ವೇಷಿಸುವುದಕ್ಕೂ ನಡುವೆ ಇರುವ ದೂರ ಆ ಒಂದು ಹನಿಯಷ್ಟೇ. ಆ ಹನಿಯನ್ನು ಚೆಲ್ಲಲು ಮನಸ್ಸಿರಬೇಕು.

ಎರಡನೆಯದು ನಮ್ಮದೇ ಮನೆಯಲ್ಲಿತ್ತು, ನಾನು ನೋಡಿರಲಿಲ್ಲ. ಥೇರಿಗಾಥೆಯಲ್ಲಿ ಪುಣ್ಣಿಕಾ ಎಂಬ ಭಿಕ್ಕುಣಿ ಇದ್ದಾರೆ. ಅವರು ಮೊದಲು ದಾಸಿ. ಒಡತಿಯ ಹೊಡೆತಕ್ಕೆ, ಬೈಗುಳಕ್ಕೆ ಹೆದರಿ ಚಳಿಗಾಲದಲ್ಲೂ ನೀರಿಗೆ ಇಳಿಯುತ್ತಿದ್ದೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಮುಚ್ಚಿಡುವುದಿಲ್ಲ. ಅದೇ ನದಿಯಲ್ಲಿ ಪಾಪ ಕಳೆಯಲು ಮುಳುಗುತ್ತಿದ್ದ ಬ್ರಾಹ್ಮಣನನ್ನು ಅವರು ಕೇಳುತ್ತಾರೆ: ನೀರಿನಿಂದ ಶುದ್ಧಿಯಾಗುವುದಾದರೆ ಕಪ್ಪೆಗಳೂ ಆಮೆಗಳೂ ಸ್ವರ್ಗಕ್ಕೆ ಹೋಗಬೇಕಲ್ಲ? ಥೇರಗಾಥೆಯಲ್ಲಿ ಸುನೀತ ಥೇರರು ತಾವು ಕೀಳೆಂದು ಕರೆಸಿಕೊಂಡ ಕುಲದಲ್ಲಿ ಹುಟ್ಟಿ, ಬಾಡಿದ ಹೂಗಳನ್ನು ಗುಡಿಸಿ ಹಾಕುವ ಕೆಲಸ ಮಾಡುತ್ತಿದ್ದುದನ್ನು ಹೇಳಿಕೊಳ್ಳುತ್ತಾರೆ. ಈ ಇಬ್ಬರ ಮಾತಿನಲ್ಲಿ ಗತಕಾಲ ಪೂರ್ತಿ ಇದೆ, ವೈರ ಮಾತ್ರ ಇಲ್ಲ. ಸಂಘ ಇವರ ಮಾತುಗಳನ್ನು ಅಳಿಸಿ ಹಾಕಲಿಲ್ಲ, ಜೋಪಾನ ಮಾಡಿತು.

ಅಲ್ಲಿಗೆ ನನಗೆ ಅರ್ಥವಾಯಿತು. ಬುದ್ಧರು ಬಿಡಿ ಎಂದದ್ದು ಗಾಯವನ್ನು ಹಗೆಯಾಗಿಸಿಕೊಳ್ಳುವುದನ್ನು. ಗಾಯವೇ ಇಲ್ಲ ಎನ್ನಿ ಎಂದು ಅವರು ಹೇಳಲಿಲ್ಲ. ನಾಲ್ಕು ಆರ್ಯಸತ್ಯಗಳಲ್ಲಿ ಮೊದಲನೆಯದು ದುಃಖ ಇದೆ ಎಂಬುದೇ. ಮೊದಲನೆಯದನ್ನು ಹಾರಿ ನಾಲ್ಕನೆಯದಕ್ಕೆ ಯಾರೂ ಹೋಗಲಾರರು. ಹೇಳಿದ ಕಥೆ ಕೇಳಿದವರನ್ನು ಎಲ್ಲಿಗೆ ಒಯ್ಯುತ್ತದೆ, ಹಗೆಗೋ ಎಚ್ಚರಕ್ಕೋ, ಅದನ್ನು ನೋಡಿ ಅಳೆಯಬೇಕು. ಕಾಲಾಮರಿಗೆ ಬುದ್ಧರು ಕಲಿಸಿದ ಅಳತೆಯೂ ಅದೇ.

*ವಿಹಾರ ಇಲ್ಲ, ಭಿಕ್ಕು ಇಲ್ಲ*

ನಮ್ಮ ಮೂರು ತಾಲ್ಲೂಕಿನ ಬೌದ್ಧರು ಕೊರಗುವುದು ಇದಕ್ಕೆ. ಶೃಂಗೇರಿಯಲ್ಲಿ ಶಾರದಾ ಪೀಠ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜೈನ ಬಸದಿ. ಅವರವರಿಗೆ ಅವರವರ ದೊಡ್ಡ ಮನೆ ಇದೆ. ನಮಗೆ ಯಾರದೋ ಮನೆಯ ಜಗುಲಿ.

ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಎಂಬ ಮರಾಠಿ ಮಾತಾಡುವ ಯಹೂದಿಗಳಿದ್ದರು. ಗಾಣದಲ್ಲಿ ಎಣ್ಣೆ ತೆಗೆಯುವುದು ಅವರ ಕಸುಬು. ಶತಮಾನಗಳ ಕಾಲ ಲೋಕದ ಉಳಿದ ಯಹೂದಿಗಳ ಸಂಪರ್ಕ ತಪ್ಪಿಹೋಗಿ, ಗ್ರಂಥ ಇಲ್ಲ, ಗುರು ಇಲ್ಲ, ಭಾಷೆಯೂ ಮರೆತುಹೋಯಿತು. ಉಳಿದದ್ದು ಕೆಲವೇ ಆಚರಣೆ, ಒಂದು ಪ್ರಾರ್ಥನೆಯ ವಾಕ್ಯ ಮತ್ತು ಒಂದು ಹಠ: ಶನಿವಾರ ಗಾಣ ತಿರುಗಿಸುವುದಿಲ್ಲ. ಊರವರು ಅವರನ್ನು 'ಶನಿವಾರ ತೇಲಿ' ಎಂದೇ ಕರೆದರು. ಆ ಒಂದು ದಿನದ ಬಿಡುವು ಅವರನ್ನು ಉಳಿಸಿತು. ಅವರ ಮಲೀದಾ ಎಂಬ ಆಚರಣೆಯಲ್ಲಿ ಇವತ್ತಿಗೂ ಅವಲಕ್ಕಿ, ತೆಂಗಿನಕಾಯಿ, ಸಿಹಿ ಬೆರೆಸಿ ಹಂಚುತ್ತಾರೆ. ಪಕ್ಕಾ ನಮ್ಮ ಮನೆಯ ತಿಂಡಿ.

ಗಾಣದ ಎತ್ತನ್ನು ಒಂದು ದಿನ ಬಿಚ್ಚಿಟ್ಟು ಒಂದು ಜನಾಂಗ ಉಳಿಯುವುದಾದರೆ, ಹುಣ್ಣಿಮೆಯ ಉಪೋಸಥವನ್ನು ನೆಟ್ಟಗೆ ಹಿಡಿದರೆ ನಾವು ಉಳಿಯುವುದಿಲ್ಲವೇ? ವಿಹಾರ ಬರಲಿ, ಒಳ್ಳೆಯದೇ. ಬರುವ ತನಕ ಊಟದ ಮನೆಯೇ ವಿಹಾರ.

ಅವರದೇ ಇನ್ನೊಂದು ಹಬ್ಬ ಹನುಕ್ಕಾ, ಎಂಟು ರಾತ್ರಿ ದೀಪ ಹಚ್ಚುವುದು. ದೀಪವನ್ನು ಬೀದಿಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಬಾಗಿಲಲ್ಲಿ, ಕಿಟಕಿಯಲ್ಲಿ ಇಡಬೇಕು ಎಂಬ ನಿಯಮವಿದೆ. ಅದರ ಜೊತೆಗೇ ಇನ್ನೊಂದು ನಿಯಮ: ಅಪಾಯದ ಕಾಲವಾಗಿದ್ದರೆ ಒಳಗೆ ಮೇಜಿನ ಮೇಲೆ ಇಟ್ಟರೆ ಸಾಕು. ಇದನ್ನು ಓದಿದಾಗ ನನಗೆ ನೆನಪಾದದ್ದು ಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿದ ದಿನಗಳು. ಮನೆ ಮಾಲೀಕರು ಬರುತ್ತಾರೆ ಎಂದಾಗ ಬಾಬಾಸಾಹೇಬರ ಫೋಟೋವನ್ನು ಹಜಾರದಿಂದ ತೆಗೆದು ಒಳಕೋಣೆಗೆ ಒಯ್ದವನು ನಾನೇ. ಎಷ್ಟೋ ವರ್ಷ ಅದನ್ನು ನೆನೆದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಈ ನಿಯಮ ನನಗೆ ಸಮಾಧಾನ ಕೊಟ್ಟಿತು. ಹೆದರಿದವನನ್ನು ಅದು ಹೀಯಾಳಿಸುವುದಿಲ್ಲ. ದೀಪ ಆರಿಸಬೇಡ ಎಂದಷ್ಟೇ ಕೇಳುತ್ತದೆ. ಹಾಗೆಯೇ ಅಪಾಯ ಕಳೆದ ಮೇಲೂ ಒಳಗೇ ಇಟ್ಟುಕೊಳ್ಳುವುದಕ್ಕೆ ಅದು ಒಪ್ಪುವುದಿಲ್ಲ. ಈಗ ಸ್ವಂತ ಮನೆ ಇದೆ, ಫೋಟೋ ಬಾಗಿಲಿಗೆ ಎದುರಾಗಿಯೇ ಇದೆ.

*ಹೊರಜಗುಲಿಯಲ್ಲಿ ಕೂತವರು*

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಅದು ಸಮ್ಯಕ್ ದೃಷ್ಟಿಯಾಗುವುದಿಲ್ಲ.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇದೆ. ಅಲ್ಲಿಯ ಯಹೂದಿಗಳೂ ವರ್ಷ ವರ್ಷ ಈಜಿಪ್ಟಿನ ಬಿಡುಗಡೆಯ ಕಥೆ ಹೇಳಿದವರೇ. ಆದರೆ ಅವರ ನಡುವೆಯೇ ಬಿಡುಗಡೆ ಪಡೆದ ಗುಲಾಮರ ಸಂತತಿಯವರಿದ್ದರು. ಅವರೂ ಯಹೂದಿಗಳೇ. ಆದರೂ ಅವರಿಗೆ ಒಳಗೆ ಸಮಾನ ಜಾಗ ಇರಲಿಲ್ಲ, ಹೊರಗಿನ ಪಡಸಾಲೆಯಲ್ಲಿ ಕೂರಬೇಕಾಗಿತ್ತು. ಆ ಸಂತತಿಯಲ್ಲಿ ಹುಟ್ಟಿದ ಎ.ಬಿ. ಸೇಲಂ (1882–1967) ವಕೀಲಿ ಓದಿ, ಆ ಸಿನಗಾಗಿನಲ್ಲೇ ಸತ್ಯಾಗ್ರಹದ ದಾರಿ ಹಿಡಿದು ಪಂಕ್ತಿಭೇದವನ್ನು ಎದುರಿಸಿದರು. ಕಟ್ಟುಪಾಡುಗಳು ಒಂದೊಂದಾಗಿ ಸಡಿಲವಾದವು. 'ಯಹೂದಿ ಗಾಂಧಿ' ಎಂದು ಜನ ಅವರನ್ನು ಕರೆದರು.

ಗುಲಾಮಗಿರಿಯ ಕಥೆ ಹೇಳುತ್ತಲೇ ಗುಲಾಮರ ಮಕ್ಕಳನ್ನು ಹೊರಗೆ ಕೂರಿಸಬಹುದು! ಹೇಳುವ ಬಾಯಿಗೂ ಹಾಕುವ ಮಣೆಗೂ ಅಷ್ಟು ಅಂತರ ಇರಬಹುದು. ಇದು ಅವರ ಮೇಲೆ ಕಲ್ಲು ಹೊಡೆಯುವ ಮಾತಲ್ಲ, ನಮ್ಮ ಕನ್ನಡಿ. ದೀಕ್ಷೆ ತೆಗೆದುಕೊಂಡ ಮೇಲೂ ಎಡಗೈ, ಬಲಗೈ ಎಂದು ನೋಡಿ ಹೆಣ್ಣು ಕೊಡುವವರು, ತರುವವರು ನಮ್ಮಲ್ಲಿ ಇಲ್ಲವೇ? ಜಯಂತಿಯ ವೇದಿಕೆಯಲ್ಲಿ ಗಂಡಸರು ಕೂತು, ಅಡುಗೆ ಮಾಡಿದ ಹೆಂಗಸರು ಹಿಂದಿನ ಬಾಗಿಲಲ್ಲಿ ನಿಂತದ್ದನ್ನು ನಾವು ನೋಡಿಲ್ಲವೇ?

ಇನ್ನೂ ಒಂದಿದೆ. ನಮ್ಮ ಅಜ್ಜ-ಅಜ್ಜಿಯರು ಇದ್ದ ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಂ, ಬಂಗಾಳದಿಂದ ಬಂದ ಕೂಲಿಯವರು ಇದ್ದಾರೆ. ಸಂತೆಯಲ್ಲಿ ಅವರನ್ನು ನೋಡಿ ಮೂಗು ಮುರಿಯುವವರಲ್ಲಿ ನಮ್ಮವರೂ ಇದ್ದಾರೆ. ನೀವು ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ, ಆದ್ದರಿಂದ ನಿಮ್ಮ ನಡುವಿನ ಪರದೇಶಿಯನ್ನು ಪೀಡಿಸಬೇಡಿ ಎಂಬ ಅರ್ಥದ ಕಟ್ಟಳೆ ಯಹೂದಿಗಳ ಗ್ರಂಥದಲ್ಲಿ ಮತ್ತೆ ಮತ್ತೆ ಬರುತ್ತದೆ. ನೋವನ್ನು ನೆನಪಿಡುವುದು ಇದಕ್ಕಾಗಿ. ನಾವು ಪಟ್ಟ ಪಾಡು ಇನ್ನೊಬ್ಬರ ಪಾಡನ್ನು ನೋಡುವ ಕಣ್ಣು ಕೊಡದಿದ್ದರೆ ಅದು ಬರೀ ಗಾಯ.

ಅವರ ಯೋಮ್ ಕಿಪ್ಪೂರ್ ದಿನಕ್ಕೆ ಮೊದಲು, ತಾವು ನೋಯಿಸಿದ ಮನುಷ್ಯರ ಬಳಿಗೆ ಹೋಗಿ ಕ್ಷಮೆ ಕೇಳಬೇಕು. ಮನುಷ್ಯನಿಗೆ ಮಾಡಿದ ತಪ್ಪಿಗೆ ಆ ಮನುಷ್ಯನೇ ಕ್ಷಮಿಸಬೇಕು ಎಂಬುದು ಅವರ ನಂಬಿಕೆ. ನಮ್ಮಲ್ಲೂ ಇದೆ. ವರ್ಷಾವಾಸ ಮುಗಿಯುವ ಆಶ್ವಯುಜ ಹುಣ್ಣಿಮೆಯಂದು ಭಿಕ್ಕುಗಳು ಪವಾರಣ ಮಾಡುತ್ತಾರೆ. ನನ್ನಲ್ಲಿ ಕಂಡ, ಕೇಳಿದ, ಶಂಕಿಸಿದ ತಪ್ಪನ್ನು ಹೇಳಿ, ತಿದ್ದಿಕೊಳ್ಳುತ್ತೇನೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು. ಅಶೋಕ ವಿಜಯದಶಮಿ ಆಗಿ ಐದು ದಿನಕ್ಕೆ ಅದು ಬರುತ್ತದೆ. ಮೆರವಣಿಗೆ ಮುಗಿಸಿ ಬಂದವರು ಆ ಐದು ದಿನ ಮನೆಯೊಳಗೆ, ಬಳಗದೊಳಗೆ ಈ ಮಾತು ಕೇಳಿದರೆ ಹಬ್ಬ ಪೂರ್ತಿಯಾಗುತ್ತದೆ.

*ಹಾಗಾದರೆ ಅವರಂತೆ ಆಗಬೇಕೆ?*

ಆಂಧ್ರದ ಗುಂಟೂರು ಜಿಲ್ಲೆಯ ಚೇಬ್ರೋಲು ಹತ್ತಿರ ಮಾದಿಗ ಸಮುದಾಯದ ಕೆಲವು ಕುಟುಂಬಗಳು ಕಳೆದ ಶತಮಾನದ ಕೊನೆಯಲ್ಲಿ ಯಹೂದಿ ಧರ್ಮವನ್ನೇ ಹಿಡಿದವು. ಬೆನೆ ಎಫ್ರಾಯಿಮ್ ಎಂದು ಕರೆದುಕೊಳ್ಳುತ್ತಾರೆ. ತಾವು ಇಸ್ರೇಲಿನ ಕಳೆದುಹೋದ ಕುಲದವರು ಎಂಬುದು ಅವರ ನಂಬಿಕೆ. ಮಾನ ಹುಡುಕಿ ಹೊರಟ ಅವರ ಮೇಲೆ ನನಗೆ ಗೌರವ ಇದೆ. ಆದರೆ ನಮ್ಮ ದಾರಿ ಬೇರೆ. ಹುಟ್ಟಿನಿಂದ ಯಾರೂ ದೊಡ್ಡವರಲ್ಲ ಎಂದು ಹೇಳಿದ ಗುರುವಿನ ಹಿಂದೆ ಬಂದವರಿಗೆ ದೊಡ್ಡ ಕುಲದ ಗುರುತು ಬೇಕಿಲ್ಲ. ನೆರೆಮನೆಯ ದೀಪದಿಂದ ನಮ್ಮ ದೀಪ ಹಚ್ಚಿಕೊಳ್ಳಬಹುದು. ಬತ್ತಿ, ಎಣ್ಣೆ, ಹಣತೆ ನಮ್ಮವೇ.

ಕಳೆದ ವರ್ಷ ಏಪ್ರಿಲ್ 14ರ ಸಂಜೆ ನಮ್ಮ ಮನೆಯಲ್ಲಿ ಒಂದು ಪ್ರಯತ್ನ ಮಾಡಿದೆವು. ತ್ರಿಸರಣ, ಪಂಚಶೀಲ ಹೇಳಿ ಊಟಕ್ಕೆ ಕೂತಾಗ ಪಾಯಸಕ್ಕೆ ಮೊದಲು ಎಲ್ಲರಿಗೂ ಒಂದೊಂದು ಬಟ್ಟಲು ಗಂಜಿ, ಒಂದು ಹರಳು ಉಪ್ಪು. ಮಗಳು ಮುಖ ಗಂಟು ಹಾಕಿ ಕೇಳಿದಳು, "ಜಯಂತಿ ದಿನ ಎಂತಕ್ಕೆ ಗಂಜಿ?"

ನಾನು ಉತ್ತರ ಕೊಡಲಿಲ್ಲ. ಅವ್ವನ ಮುಖ ನೋಡಿದೆ. ಅವ್ವ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಅವರ ಅಪ್ಪ ಹತ್ತು ವರ್ಷದ ಹುಡುಗನಾಗಿದ್ದಾಗ ಮನೆಯ ಮದುವೆ ಸಾಲಕ್ಕೆ ಜೀತಕ್ಕೆ ಸೇರಿದ್ದು. ವರ್ಷಕ್ಕೆ ಒಂದು ಕಂಬಳಿ, ದಿನಕ್ಕೆ ಎರಡು ಹೊತ್ತು ಗಂಜಿ. ಕಾಫಿ ಹೊಯ್ಯಲು ಒಂದು ತೆಂಗಿನ ಗರಟ, ಅದು ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿ ಇಟ್ಟಿರಬೇಕು, ಕುಡಿದ ಮೇಲೆ ಅವರೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕು. ನಾನು ಈ ವಯಸ್ಸಿಗೆ ಅದನ್ನು ಮೊದಲ ಸಲ ಕೇಳಿದ್ದು.

ಮಗಳು ಕೇಳಿದಳು, "ಅಜ್ಜೀ, ಆ ಗರಟ ಈಗ ಎಲ್ಲಿದೆ?"

"ಜೀತದ ಕಾನೂನು ಬಂದ ವರ್ಷ ಅಪ್ಪ ಅದನ್ನ ಮನೆಗೆ ತಂದಿದ್ರು. ಒಡೆದು ಒಲೆಗೆ ಹಾಕಿದ್ರು. ಚೆನ್ನಾಗಿ ಉರೀತು" ಎಂದರು ಅವ್ವ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ನಮ್ಮ ಒಲೆಯಲ್ಲಿ ಉರಿದದ್ದು ಅವತ್ತು ಗೊತ್ತಾಯಿತು. ಅವ್ವನ ದನಿಯಲ್ಲಿ ಹಗೆ ಇರಲಿಲ್ಲ. ಸಣ್ಣ ನಗು ಇತ್ತು. ಮಗಳು ಗಂಜಿಯನ್ನು ಪೂರ್ತಿ ಕುಡಿದು, ಬಟ್ಟಲನ್ನು ತಾನೇ ತೊಳೆದಳು. ಮರುದಿನ ಶಾಲೆಯಲ್ಲಿ ಯಾರಿಗೋ ಈ ಕಥೆ ಹೇಳಿದಳಂತೆ. ನಾನು ಬೇಡ ಎನ್ನಲಿಲ್ಲ.

ನಾಲ್ಕನೇ ಕ್ಲಾಸಿನ ಆ ಹುಡುಗನಿಗೆ ಇನ್ನು ಉತ್ತರ ಇದೆ ಎಂದುಕೊಳ್ಳುತ್ತೇನೆ. ನಾವು ಎಂತ ಮಾಡ್ತೀವಿ ಎಂದು ಕೇಳಿದರೆ, "ನಾವು ನಮ್ಮ ಅಜ್ಜಿಯನ್ನು ಒಂದು ಪ್ರಶ್ನೆ ಕೇಳ್ತೀವಿ" ಎಂದು ಅವನು ಹೇಳಬಹುದು.

*ಇಂದಿನ ಅಭ್ಯಾಸ*

ಇವತ್ತು ರಾತ್ರಿ ಊಟದ ಹೊತ್ತಿಗೆ ಟಿವಿ, ಮೊಬೈಲು ಬದಿಗಿಡಿ. ಮನೆಯ ಚಿಕ್ಕವರಿಂದ ಮನೆಯ ಹಿರಿಯರಿಗೆ ಒಂದು ಪ್ರಶ್ನೆ ಕೇಳಿಸಿ: "ನೀವು ಚಿಕ್ಕವರಿದ್ದಾಗ ನಿಮಗೆ ಕುಡಿಯಲು ಯಾವುದರಲ್ಲಿ ಕೊಡುತ್ತಿದ್ದರು?" ಹಿರಿಯರು ಹೇಳಲು ಮನಸ್ಸು ಮಾಡದಿದ್ದರೆ ಒತ್ತಾಯ ಬೇಡ, ಇನ್ನೊಂದು ಹುಣ್ಣಿಮೆಗೆ ಕೇಳಿ. ಹೇಳಿದರೆ ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ. ಕೊನೆಗೆ ಎಲ್ಲರೂ ಸೇರಿ ಎರಡು ನಿಮಿಷ ಮೆತ್ತಾ ಭಾವನೆ ಮಾಡಿ. ಅದರಲ್ಲಿ ಜೀತಕ್ಕೆ ಇಟ್ಟುಕೊಂಡವರ ಮಕ್ಕಳಿಗೂ, ಈಗ ಲೈನ್ ಮನೆಯಲ್ಲಿ ಇರುವವರಿಗೂ ಜಾಗ ಇರಲಿ.

ಭವತು ಸಬ್ಬ ಮಂಗಲಂ.

ನಮೋ ಬುದ್ಧಾಯ. ಜೈ ಭೀಮ್. 🙏

(ಇಷ್ಟವಾದರೆ ನಿಮ್ಮ ಬಂಧುಗಳಿಗೂ ಕಳಿಸಿ. ಕಳಿಸುವ ಮೊದಲು ಮನೆಯಲ್ಲಿ ಒಮ್ಮೆ ಮಾಡಿ ನೋಡಿ.)